ಯಶೋದಮ್ಮನ ರಾಜೀನಾಮೆ

ಯುಗಾದಿಯ ದಿನ ಮಧ್ಯಾಹ್ನ, ಒಬ್ಬಟ್ಟು ಬೇಯಿಸುತ್ತಿದ್ದವಳು ಮಗುಚೋ ಕೈಯನ್ನು ಹಾಗೇ ಹಿಡಿದುಕೊಂಡು ಹಜಾರಕ್ಕೆ ಬಂದು, ಅಡುಗೆಮನೆಗೆ ರಾಜೀನಾಮೆ ಕೊಟ್ಟೆ.

ಕಾರಣ ನಮ್ಮ ಯಜಮಾನರು, ಸಿದ್ದರಾಜು. (ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಕಲಿಸಿದ್ದರು. ರಾಜೀನಾಮೆ ಕೊಟ್ಟವಳಿಗೆ ಆ ಕಟ್ಟುಪಾಡೂ ಇಲ್ಲ.) ಇವರು ಶಿವನಸಮುದ್ರದ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದವರು. ಅಲ್ಲಿ ಒಂದು ಹಿಡಿ ಎಳೆದರೆ ಊರೂರಿಗೇ ಕತ್ತಲೆ ಮಾಡಬಲ್ಲ ಮನುಷ್ಯ, ಮನೆಯಲ್ಲಿ ಕುಡಿಯುವ ನೀರಿನ ಬಿಂದಿಗೆ ಎಲ್ಲಿದೆ ಅಂತ ಗೊತ್ತಿಲ್ಲದೆ ನನ್ನನ್ನು ಕೂಗುತ್ತಿದ್ದರು. ಅವರಿಗೆ ಮೂರು ಶಿಫ್ಟು ಡ್ಯೂಟಿ. ಆ ಮೂರಕ್ಕೂ ಬುತ್ತಿ ಕಟ್ಟುತ್ತಿದ್ದ ನನಗೆ ಶಿಫ್ಟೇ ಇರಲಿಲ್ಲ, ಬರೀ ಡ್ಯೂಟಿ. ರಿಟೈರಾದ ದಿನ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಭಾಷಣ ಮಾಡಿ, ಜೀಪಿನಲ್ಲಿ ಕೂರಿಸಿಕೊಂಡು ಮನೆಗೆ ತಂದು ಬಿಟ್ಟರು. ತಂದು ಬಿಟ್ಟವರಿಗೆಲ್ಲ ಊಟಕ್ಕಿಕ್ಕಿದವಳು ನಾನು.

ಆಮೇಲೆ ಭಾರತೀನಗರದಲ್ಲಿ ಮನೆ ಕಟ್ಟಿಕೊಂಡು ಬಂದೆವು. ಮಗ ಸಂತೋಷ್ ಬಸ್ ಸ್ಟ್ಯಾಂಡಿನ ಹತ್ತಿರ ಪಂಪು, ಪೈಪು ಮಾರುವ ಅಂಗಡಿ ಇಟ್ಟಿದ್ದಾನೆ. ಸೊಸೆ ನಯನ ಮದ್ದೂರಿನಲ್ಲಿ ಆಸ್ಪತ್ರೆ ನರ್ಸು, ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತಾಳೆ. ಮೊಮ್ಮಗಳು ಗಗನ ನಾಲ್ಕನೇ ಕ್ಲಾಸು. ಇವರೆಲ್ಲರ ಹೊಟ್ಟೆಯ ಜವಾಬ್ದಾರಿ ನನ್ನದು, ಎರಡು ಮಂಡಿಗಳ ನೋವಿನ ಸಮೇತ.

ಯುಗಾದಿಯ ದಿನ ಬೇವುಬೆಲ್ಲಕ್ಕೆ ಅಂತ ಚಿಕ್ಕಬೋರಯ್ಯ ಬಂದಿದ್ದರು. ಇವರ ಹಳೇ ಸಹೋದ್ಯೋಗಿ. ಇಬ್ಬರೂ ಹಜಾರದಲ್ಲಿ ಫ್ಯಾನು ಹಾಕಿಕೊಂಡು ಕೂತಿದ್ದರು. ನಾನು ಒಳಗೆ ಕಾವಲಿಯ ಮುಂದೆ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದೆ. ಆಗ ಇವರ ಉಪದೇಶ ಕಿವಿಗೆ ಬಿತ್ತು.

"ರಿಟೈರಾದ ಮ್ಯಾಲೆ ಮನ್ಸಂಗೆ ನೆಮ್ಮದಿ ಬೇಕು ಕಣಯ್ಯ. ಕೂತ್ಕಂಡು ಉಣ್ಬೇಕು."

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅದರ ಬೆನ್ನಿಗೇ, ತುಪ್ಪ ಜಾಸ್ತಿ ಹಾಕಿ ಇನ್ನೊಂದು ಒಬ್ಬಟ್ಟು ತರುವಂತೆ ಒಳಕ್ಕೆ ಆರ್ಡರ್ ಬಂತು. ನಾನು ಒಬ್ಬಟ್ಟಿನ ಬದಲು ಮಗುಚೋ ಕೈ ತಂದೆ.

"ನಾನೂ ಇವತ್ತಿಂದ ರಿಟೈರಾದೆ. ಕೂತ್ಕಂಡು ಉಣ್ತೀನಿ. ಮಾಡೋರು ಮಾಡ್ಕಳಿ," ಅಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರಾಜೀನಾಮೆ ಕೊಡುವವರೆಲ್ಲ ಬಿಟ್ಟು ಹೋಗಲಿಕ್ಕೇ ಕೊಡುವುದಿಲ್ಲ. 'ಅಯ್ಯೋ ಬೇಡ' ಅನ್ನಿಸಿಕೊಳ್ಳಲಿಕ್ಕೆ ಕೊಡುತ್ತಾರೆ. (ನಂಬಿಕೆಯಿಲ್ಲದಿದ್ದರೆ ಯಾವ ಮಂತ್ರಿಯನ್ನಾದರೂ ಕೇಳಿ.) ನನ್ನ ಲೆಕ್ಕಾಚಾರವೂ ಅದೇ. ಒಂದು ವಾರದಲ್ಲಿ ಮನೆ ಬುಡಮೇಲಾಗುತ್ತದೆ, ಎಲ್ಲರೂ ಕುರ್ಚಿಯ ಸುತ್ತ ನಿಂತು ಬೇಡಿಕೊಳ್ಳುತ್ತಾರೆ, ಆಗ ನಾನು ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದು, ದೊಡ್ಡ ಮನಸ್ಸು ಮಾಡುತ್ತೇನೆ. ಇಷ್ಟೇ.

ಸಂತೋಷ್ ನಕ್ಕ. ನಯನ ನಗಲಿಲ್ಲ. ಅಮ್ಮ ಹೇಳುವುದು ಸರಿ, ಆ ಮಂಡಿ ಇಟ್ಟುಕೊಂಡು ಎಷ್ಟು ನಿಲ್ಲುತ್ತಾರೆ, ಯಾರಾದರೂ ಅಡುಗೆಯವರನ್ನು ನೋಡೋಣ ಅಂದಳು. ನನಗೆ ಒಳಗೊಳಗೇ ಖುಷಿಯಾಯಿತು. 'ಹೊರಗಿನೋರು ಯಾಕೆ ಬುಡವ್ವ' ಅಂತ ಶುರುಮಾಡಿ ರಾಜೀನಾಮೆಯನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಇವರು ತೆರೆದರು.

"ಅಡುಗೆಯವ್ರು ಯಾಕವ್ವ? ನಾನಿಲ್ವಾ? ನಾನೇ ಮಾಡ್ತೀನಿ ಬುಡು."

ಗಗನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಕ್ಕಬೋರಯ್ಯ ನಗುವಾಗ ಒಬ್ಬಟ್ಟು ನೆತ್ತಿಗೇರಿ ಕೆಮ್ಮಿದರು. ನಾನೂ ನಕ್ಕೆ. ಇವರೊಬ್ಬರೇ ನಗಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಮಾರನೇ ದಿನ ಬೆಳಿಗ್ಗೆ ಇವರು ಸ್ನಾನ ಮಾಡಿ, ಡ್ಯೂಟಿಯ ಖಾಕಿ ಅಂಗಿ ತೊಟ್ಟು ಅಡುಗೆಮನೆಗೆ ಹೋದರು. ಮೊದಲು ಕಿಟಕಿ ತೆರೆದರು. ಗ್ಯಾಸಿನ ಪೈಪನ್ನು ಉದ್ದಕ್ಕೂ ಮೂಸಿ ನೋಡಿದರು. ಆಮೇಲೆ ಒಲೆ ಹಚ್ಚುವ ಮುಂಚೆ, ಪವರ್ ಹೌಸಿನಲ್ಲಿ ಮಿಷನ್ನು ಚಾಲೂ ಮಾಡುವಾಗ ಕೂಗುತ್ತಿದ್ದ ಹಾಗೆ ಇಡೀ ಮನೆಗೆ ಕೇಳಿಸುವಂತೆ, ಎಲ್ಲಾ ಕ್ಲಿಯರ್ರಾ ಅಂತ ಕೂಗಿದರು. ಕೊನೆಗೆ ಗಗನ ಬಚ್ಚಲುಮನೆಯಿಂದ ಕ್ಲಿಯರ್ ತಾತ ಅಂದಳು. ಆಗ ಒಲೆ ಹತ್ತಿತು. ಮಿಕ್ಸಿ ಹಾಕುವಾಗಲಂತೂ ಯಾರೂ ಅದರ ಹತ್ತಿರ ನಿಲ್ಲುವಂತಿರಲಿಲ್ಲ. ಕಾಯಿಚಟ್ನಿ ರುಬ್ಬುವುದನ್ನು ನಾವು ಮೂರು ಜನ ಬಾಗಿಲಾಚೆ ನಿಂತು ನೋಡಿದೆವು.

ಮೊದಲ ದಿನದ ಹಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಗಿಮುದ್ದೆ ಅಂದರೆ ಒಂದು ಮುದ್ದೆ ಇರಬೇಕು. ಇವರು ಕಟ್ಟಿದ್ದು ಒಂದರೊಳಗೆ ಹತ್ತು. ಮುರಿದರೆ ಒಳಗಿನಿಂದ ಹಸಿ ಹಿಟ್ಟು ಹೊಗೆಯ ಹಾಗೆ ಹಾರಿತು. ಸಾರು ನೀರಾಗಿತ್ತು, ಬೇಳೆ ಕೆಳಗೆ ಈಜು ಬಾರದವರ ಹಾಗೆ ಮಲಗಿತ್ತು. ಸಂತೋಷ್ ಅಂಗಡಿಯಲ್ಲಿ ಕೆಲಸವಿದೆ ಅಂತ ಎದ್ದು ಹೋದ. ಗಗನ ಬಿಸ್ಕತ್ತು ತಿಂದಳು. ನಾನು ಮಾತ್ರ ಪೂರ್ತಿ ಉಂಡೆ. ಅಷ್ಟು ರುಚಿಯಾದ ಊಟ ನಾನು ಬಹಳ ದಿನದಿಂದ ಉಂಡಿರಲಿಲ್ಲ. ನನ್ನನ್ನು ವಾಪಸ್ಸು ಕರೆಯುವ ದಿನ ಹತ್ತಿರ ಬಂತು ಅನ್ನುವ ಸಂತೋಷ ಒಂದೊಂದು ಗಂಟಿನಲ್ಲೂ ಇತ್ತು.

ಆದರೆ ಇವರು ಸೋತವರ ಹಾಗೆ ಕಾಣಲಿಲ್ಲ. ಮಿಷನ್ನು ಕೆಟ್ಟರೆ ಹೇಗೆ ಅದರ ಸುತ್ತ ತಿರುಗುತ್ತಿದ್ದರೋ ಹಾಗೆ ಆ ಪಾತ್ರೆಯ ಸುತ್ತ ತಿರುಗಿದರು. ಸಂಜೆ ಅಂಗಿ ಹಾಕಿಕೊಂಡು ಹೊರಟರು. ಎಲ್ಲಿಗೆ ಅಂತ ನೋಡಿದರೆ ಪಕ್ಕದ ಮನೆಗೆ. ಅಲ್ಲಿ ಜಾನ್ ಬೀ ಇದ್ದಾಳೆ, ಬಟ್ಟೆ ಹೊಲಿಯುತ್ತಾಳೆ, ಗಂಡ ಗೌಸ್ ಪೀರ್ ಟ್ರಾಕ್ಟರ್ ಮೆಕ್ಯಾನಿಕ್. ಜಾನ್ ಬೀಯ ಕೈಯಡುಗೆ ಒಳ್ಳೆಯದು ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅದನ್ನು ಹೇಳಿದ್ದು ಇದಕ್ಕಲ್ಲ.

ನನ್ನನ್ನೇ ಕೇಳಬಹುದಿತ್ತಲ್ಲ ಅಂದೆ. ಅದಕ್ಕೆ ಇವರು, ರಿಟೈರಾದವರಿಗೆ ತೊಂದರೆ ಕೊಡಬಾರದು, ತಾವು ರಿಟೈರಾದ ಮೇಲೆ ಪವರ್ ಹೌಸಿನವರು ಒಂದು ದಿನವಾದರೂ ಫೋನ್ ಮಾಡಿದರಾ ಅಂತ ಕೇಳಿದರು.

ಜಾನ್ ಬೀ ಒಂದು ವಾರ ಕಲಿಸಿದಳು. ಮೊದಲ ದಿನ ಇವರು ಈರುಳ್ಳಿ ಹೆಚ್ಚುವುದನ್ನು ನೋಡಿ ಅವಳ ಕಣ್ಣಲ್ಲೇ ನೀರು ಬಂತಂತೆ. ವಾರದ ಕೊನೆಗೆ ಹಿಟ್ಟಿನಲ್ಲಿ ಗಂಟು ಮಾಯವಾಯಿತು. ನನ್ನ ಗಂಟಲಲ್ಲಿ ಬಂದು ಕೂತಿತು.

ಬೇಸಿಗೆ ಏರಿತು. ನಮ್ಮ ಮನೆಯಲ್ಲಿ ಬೇಸಿಗೆ ಅಂದರೆ ಸಂಡಿಗೆ. ಮಾಳಿಗೆಯ ಮೇಲೆ ಹಳೇ ಪಂಚೆ ಹಾಸಿ, ಅಕ್ಕಿ ಸಂಡಿಗೆ ಇಟ್ಟು, ಛತ್ರಿ ಹಿಡಿದುಕೊಂಡು ಕಾಗೆ ಕಾಯುವುದು ಪ್ರತಿವರ್ಷದ ನನ್ನ ಕೆಲಸ. ನಾನೆಷ್ಟೇ ಕಾದರೂ ಪಂಚೆಯ ಒಂದು ಮೂಲೆ ಕಾಗೆಗಳ ಪಾಲಾಗುತ್ತಿತ್ತು. ಈ ಸಲ ಇವರು ಸಂಡಿಗೆ ಇಡುವ ಮುಂಚೆ ಮಾಳಿಗೆಯ ನಾಲ್ಕು ಮೂಲೆಗೆ ಪೈಪು ನೆಟ್ಟು, ತಂತಿ ಎಳೆದು, ಅದಕ್ಕೆ ಮಗನ ಅಂಗಡಿಯಿಂದ ತಂದ ಹೊಳೆಯುವ ಪಟ್ಟಿಗಳನ್ನು ಕಟ್ಟಿದರು. ಗಾಳಿಗೆ ಅವು ಪಟಪಟ ಅಂದರೆ ಕಾಗೆಗಳು ಆಚೆ ಬೀದಿಗೆ ಹಾರಿಹೋದವು. ಒಂದು ಸಂಡಿಗೆಯೂ ಕಳೆಯಲಿಲ್ಲ. ನಾನು ಅಭ್ಯಾಸಬಲದಿಂದ ಛತ್ರಿ ಹಿಡಿದು ಮೇಲೆ ಹೋದವಳು, ಕಾಯಲಿಕ್ಕೇನೂ ಇಲ್ಲದೆ ಕೆಳಗೆ ಬಂದೆ. ಅಡುಗೆ ಕೆಲಸ ನಾನೇ ಬಿಟ್ಟಿದ್ದು, ಸರಿ. ಕಾಗೆ ಕಾಯುವ ಕೆಲಸಕ್ಕೆ ನಾನು ರಾಜೀನಾಮೆ ಕೊಟ್ಟಿರಲಿಲ್ಲ. ಅದರಿಂದ ನನ್ನನ್ನು ತೆಗೆದುಹಾಕಿದ್ದು.

ಕೂತು ಉಣ್ಣುವುದು ಸುಲಭವಲ್ಲ. ಉಣ್ಣುವುದಕ್ಕೆ ಸ್ವಲ್ಪ ಹೊತ್ತು ಸಾಕು, ಕೂರುವುದೇ ಕಷ್ಟ. ಬೆಳಿಗ್ಗೆ ಎದ್ದರೆ ಕೈ ತಾನಾಗಿ ಕಾಫಿ ಡಬ್ಬಿಯ ಕಡೆ ಹೋಗುತ್ತಿತ್ತು, ಡಬ್ಬಿ ಅಲ್ಲಿರುತ್ತಿರಲಿಲ್ಲ. ಟಿವಿ ಧಾರಾವಾಹಿಗಳಲ್ಲಿ ಸೊಸೆಯರು ಅತ್ತೆಯರಿಗೆ ವಿಷ ಹಾಕುತ್ತಿದ್ದರು. ನನ್ನ ಸೊಸೆ ಬಂದು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಲ್ಲೂ ಜಗಳಕ್ಕೆ ದಾರಿಯಿರಲಿಲ್ಲ.

ಮಳೆಗಾಲ ಶುರುವಾಯಿತು. ನಾಲೆಗೆ ನೀರು ಬಿಟ್ಟರು. ನನ್ನ ತವರು ಹೊಳಲಿನಲ್ಲಿ ತಮ್ಮ ಮರಿಸಿದ್ದಯ್ಯ ನಾಟಿಗೆ ಗದ್ದೆ ಅಣಿ ಮಾಡುತ್ತಿದ್ದ. ನಾನು ಬತ್ತೀನಿ ಕಣ್ಲಾ ಅಂತ ಫೋನ್ ಮಾಡಿ, ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದೆ. ನನ್ನ ಎಣಿಕೆ ಸರಳ: ಕಣ್ಣೆದುರಿಗೆ ಇದ್ದರೆ ಬೆಲೆ ಗೊತ್ತಾಗುವುದಿಲ್ಲ, ದೂರ ಹೋದರೆ ತಿಳಿಯುತ್ತದೆ.

ಹೊಳಲಿನಲ್ಲಿ ನಾನು ಎಲ್ಲಿ ಹೋದರೂ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಬದುವಿನ ಮೇಲೆ ಕೂತು ನಾಟಿ ಹಾಕುವವರನ್ನು ನೋಡುವಾಗಲೂ ಅದು ತೊಡೆಯ ಮೇಲೆ. ಎರಡು ದಿನ ಅದು ಬಡಿದುಕೊಳ್ಳಲಿಲ್ಲ. ಕೆಟ್ಟಿದೆಯೇನೋ ಅಂತ ತಮ್ಮನ ಫೋನಿನಿಂದ ಅದಕ್ಕೆ ನಾನೇ ಫೋನ್ ಮಾಡಿ ನೋಡಿದೆ, ಚೆನ್ನಾಗಿಯೇ ಬಡಿದುಕೊಂಡಿತು. ಮೂರನೇ ದಿನ ಸಂಜೆ, ಮಳೆ ಜೋರಾಗಿ ಹುಯ್ಯುವಾಗ, ಗಗನಳ ಫೋನು ಬಂತು. ಅಜ್ಜಿ, ಬೇಗ ಹೇಳು ಅಂದಳು. ನನಗೆ ಎದೆ ಹಿಗ್ಗಿತು. ಏನಮ್ಮ, ಊಟಕ್ಕೆ ಕಷ್ಟವಾಗಿದೆಯಾ ಅಂದೆ.

"ಇಲ್ಲ ಅಜ್ಜಿ. ದೊಡ್ಡ ಬಾಣಲೆ ಎಲ್ಲಿಟ್ಟಿದ್ದೀಯ? ತಾತ ಬೋಂಡ ಮಾಡ್ತಾವ್ರೆ, ಚಿಕ್ಕದ್ರಲ್ಲಿ ಸಾಕಾಗ್ತಿಲ್ಲ."

ಬಾಣಲೆ ಅಟ್ಟದ ಮೇಲಿತ್ತು. ಹೇಳಿದೆ. ಅವಳು ಫೋನು ಇಡುವುದನ್ನೂ ಮರೆತು ಓಡಿದಳು. ನಾನು ಈ ಕಡೆ ಕಿವಿಗೆ ಹಿಡಿದುಕೊಂಡು, ನಮ್ಮ ಮನೆಯಲ್ಲಿ ಬೋಂಡ ಚುಯ್ ಅನ್ನುವುದನ್ನು, ಜಾನ್ ಬೀ ಇನ್ನೆರಡು ಹಾಕಿ ಅನ್ನುವುದನ್ನು, ಸಂತೋಷ್ ನಗುವುದನ್ನು ಕೇಳುತ್ತಾ ಸುಮಾರು ಹೊತ್ತು ನಿಂತಿದ್ದೆ. ಮಾರನೇ ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಮಳೆಯಲ್ಲೇ ಬಸ್ಸು ಹಿಡಿದು ಬಂದೆ. ತಮ್ಮನ ಹೆಂಡತಿ ಇನ್ನೆರಡು ದಿನ ಇರಿ ಅಂದಳು. ಮನೇಲಿ ಪಾಪ ಕಷ್ಟ ಪಡುತ್ತಿದ್ದಾರೆ ಅಂದೆ.

ನೆನೆದದ್ದಕ್ಕೆ ಜ್ವರ ಬಂತು. ನಯನ ಮಾತ್ರೆ ಕೊಟ್ಟು ಡ್ಯೂಟಿಗೆ ಹೋದಳು. ಇವರು ಮೆಣಸು, ಬೆಳ್ಳುಳ್ಳಿ ಜಜ್ಜಿ ಸಾರು ಮಾಡಿ, ಲೋಟದಲ್ಲಿ ತಂದು ಹಾಸಿಗೆಯ ಪಕ್ಕ ಕೂತರು. ಕುಡಿದೆ. ಒಳ್ಳೆಯದಾಗಿತ್ತು. ಉಪ್ಪು ಕಮ್ಮಿ ಅಂದೆ. ಜ್ವರದ ಬಾಯಿ ಅಂತ ಅವರು ವಾದ ಮಾಡಲಿಲ್ಲ. ಖಾಲಿ ಲೋಟವನ್ನು ಕೈಯಲ್ಲಿ ಹಿಡಿದು, ಸೊಂಟ ಹಿಂದಕ್ಕೆ ಬಾಗಿಸಿ ನೆಟಿಗೆ ಮುರಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಕೇಳಿದರು.

"ಅಲ್ಲ ಕಣೆ, ಇಷ್ಟು ವರ್ಸ ಆ ಒಲೆ ಮುಂದೆ ಎಂಗೆ ನಿಂತಿದ್ದೆ ನೀನು? ನಂಗೆ ಮೂರೇ ತಿಂಗ್ಳಿಗೆ ಸೊಂಟ ಬಿದ್ದೋಯ್ತು."

ಇದೇ ಮಾತನ್ನು ಯುಗಾದಿಯ ದಿನ ಆಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಜ್ವರಕ್ಕೆ ಕಣ್ಣಲ್ಲಿ ನೀರು ಬರುವುದು ಸಹಜ. ಹಾಗಾದರೆ ಬಿಟ್ಟುಬಿಡಿ, ನಾನೇ ನೋಡಿಕೊಳ್ಳುತ್ತೇನೆ ಅಂದೆ. ಇವರು ಎದ್ದು, ಬೇಡ ಬೇಡ, ಈಗ ಕೈ ಕೂತಿದೆ ಅಂತ ಹೇಳಿ, ರಾತ್ರಿಗೆ ಸೊಪ್ಪು ಬಿಡಿಸಲು ಹೋದರು.

ಹಿರಿಯರ ಹಬ್ಬ ಬಂತು. ನಮ್ಮತ್ತೆಗೆ ಎಡೆ ಇಡುವ ದಿನ. ಆಯಮ್ಮ ಬದುಕಿರುವಾಗ ನನ್ನ ಸಾರನ್ನು ಒಂದು ದಿನ ಚೆನ್ನಾಗಿದೆ ಅಂದವರಲ್ಲ. ಹೋದ ಮೇಲೂ ಹಟ ಬಿಟ್ಟಿರಲಿಲ್ಲ; ಪ್ರತಿವರ್ಷ ಮಾಳಿಗೆಯ ಮೇಲೆ ಎಡೆಯಿಟ್ಟು, ಕೈ ಮುಗಿದುಕೊಂಡು, ಕಾಗೆ ಯಾವಾಗ ಮುಟ್ಟುತ್ತದೋ ಅಂತ ಬಿಸಿಲಲ್ಲಿ ಕಾಯುತ್ತಿದ್ದೆವು. ಈ ಸಲ ಆಯಮ್ಮನ ಮಗನೇ ಮಾಡಿದ ಅಡುಗೆ. ಎಡೆ ಇಟ್ಟು ಇವರು ಹಿಂದಕ್ಕೆ ಸರಿಯುವಷ್ಟರಲ್ಲಿ ಕಾಗೆ ಬಂದು ವಡೆ ಎತ್ತಿಕೊಂಡಿತು. ಬೇಸಿಗೆಯಲ್ಲಿ ಅಟ್ಟಿದ್ದ ಕಾಗೆಯೇ ಇರಬೇಕು, ಆದರೂ ಸೇಡು ಇಟ್ಟುಕೊಳ್ಳಲಿಲ್ಲ. ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ನೋಡು, ಅವ್ವ ನೆಂಟರನ್ನೂ ಕರ್ಕಂಡು ಬಂದವಳೆ ಅಂದರು ಇವರು. ಗಗನ ಚಪ್ಪಾಳೆ ತಟ್ಟಿದಳು. ನಾನು ಕಾಗೆಗಳಿಗೆ ಕೈ ಮುಗಿದು ಕೆಳಗಿಳಿದೆ.

ಚಳಿ ಬಿತ್ತು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ರಸ್ತೆ ತುಂಬಿಕೊಂಡು, ಬೆಳಿಗ್ಗೆ ನಯನಳ ಬಸ್ಸು ದಿನಾ ತಡವಾಗತೊಡಗಿತು. ಸಂತೆಗೆ ಅವರೆಕಾಯಿ ಬಂತು, ಒಳ್ಳೇ ಸೊಗಡು ಇರುವಂಥದ್ದು. ಸಂಜೆ ಹೊತ್ತು ಎಲ್ಲರೂ ಹಜಾರದಲ್ಲಿ ಕಾಲು ಚಾಚಿ ಕೂತು, ನೆನೆಸಿದ ಕಾಳಿನ ಸಿಪ್ಪೆ ಹಿಸುಕುವುದು. ಕಾಳು ಪುಳಕ್ ಅಂತ ಹಾರಿ ಒಂದು ಸಂತೋಷನ ಕಿವಿಗೆ, ಒಂದು ಟಿವಿಗೆ. ಈ ಕೆಲಸದಲ್ಲಿ ಮಾತ್ರ ನನ್ನ ಕೈಯನ್ನು ಮೀರಿಸಿದವರು ಯಾರೂ ಇರಲಿಲ್ಲ. ಇವರು ಅದನ್ನು ಗಮನಿಸಿ, ಇನ್ನು ಮೇಲೆ ಹಿಸುಕುವ ಸೆಕ್ಷನ್ ನಿನ್ನದೇ ಅಂತ ಹೇಳಿದರು. ನನ್ನ ಅಡುಗೆಮನೆಯಲ್ಲಿ ನನಗೆ ಸೆಕ್ಷನ್ ಕೊಟ್ಟರು.

ಆಗಲೇ ಮಳವಳ್ಳಿಯಿಂದ ಬೀಗಿತಿ ಮಲ್ಲಿಗಮ್ಮನವರ ಫೋನು ಬಂತು. ನಯನಳ ತಾಯಿ. ಸಂಕ್ರಾಂತಿಗೆ ಮುಂಚೆ ಗಂಡ ಹೆಂಡತಿ ಇಬ್ಬರೂ ಬಂದು, ಮಗಳನ್ನು ನೋಡಿಕೊಂಡು, ಎರಡು ದಿನ ಇದ್ದು ಹೋಗುತ್ತೇವೆ ಅಂದರು. ಜೊತೆಗೆ, ನಿಮ್ಮ ಮನೇಲಿ ಬೀಗರದೇ ಅಡುಗೆಯಂತೆ, ಅದನ್ನೂ ಕಣ್ಣಾರೆ ನೋಡಬೇಕು ಅಂತ ನಕ್ಕರು. ಮಲ್ಲಿಗಮ್ಮನವರು ನಕ್ಕರೆ ಅದು ಮಳವಳ್ಳಿಯಿಂದ ಫೋನಿಲ್ಲದೆಯೂ ಕೇಳಿಸುತ್ತದೆ. ಮದುವೆಯ ಮಾತುಕತೆಯಲ್ಲಿ ನಮ್ಮ ಮನೆಯ ಕಾಫಿ ಕುಡಿದು, ಡಿಕಾಕ್ಷನ್ನು ಇನ್ನೊಂದು ಚೂರು ಇಳೀಬೇಕಿತ್ತು ಅಂದ ಹೆಂಗಸು.

ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ ಅಂತ ನನಗೆ ಅನ್ನಿಸಿತು. ಬೀಗರ ಮುಂದೆ ಗಂಡಸು ಸೌಟು ಹಿಡಿದು ನಿಂತರೆ ಮರ್ಯಾದೆ ಉಳಿಯುವುದಿಲ್ಲ, ಆ ಎರಡು ದಿನ ಅಡುಗೆ ನನ್ನದು ಅಂತ ಘೋಷಿಸಿದೆ. ಜಗಳಕ್ಕೆ ತಯಾರಾಗಿಯೇ ಹೇಳಿದ್ದು. ಇವರು ಜಗಳವಾಡಲಿಲ್ಲ. ಸರಿ ಬುಡು ಅಂದು, ಪೇಪರು ಹಿಡಿದು ಜಗುಲಿಗೆ ಹೋದರು.

ಬೀಗರು ಬರುವ ದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಅಡುಗೆಮನೆಗೆ ಕಾಲಿಟ್ಟೆ. ತವರಿಗೆ ಬಂದ ಹಾಗಾಯಿತು. ಆದರೆ ತವರಿನಲ್ಲಿ ಅತ್ತಿಗೆ ಎಲ್ಲವನ್ನೂ ಬದಲಾಯಿಸಿಟ್ಟಿದ್ದಳು. ಡಬ್ಬಿಗಳು ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಂತಿದ್ದವು: ಅರಿಸಿನ ಒಂದು ತುದಿಗೆ, ಹುಣಸೆಹಣ್ಣು ಇನ್ನೊಂದು ತುದಿಗೆ. ಎಲ್ಲದಕ್ಕೂ ಸಣ್ಣ ಅಕ್ಷರದ ಚೀಟಿ. ಕನ್ನಡಕ ಹಜಾರದಲ್ಲಿತ್ತು. ಬಾಗಿಲಿಗೆ ಬಂದ ನಯನ, ಅಮ್ಮ ಏನಾದ್ರೂ ತೋರಿಸ್ಲಾ ಅಂತ ಕೇಳಿದಳು. ಈ ಅಡುಗೆಮನೆಯಲ್ಲಿ ನನಗೆ ತೋರಿಸುವುದೇನಿದೆ, ಹೋಗಿ ಬಸ್ ಸ್ಟ್ಯಾಂಡಿನಿಂದ ನಿಮ್ಮ ಅಪ್ಪ ಅಮ್ಮನ್ನ ಕರ್ಕಂಡು ಬಾ ಅಂದೆ.

ಹಿಸುಕಿದ ಬೇಳೆಯ ಸಾರು. ನನ್ನ ಜೀವಮಾನದ ಸಾರು ಅದು. ಮಸಾಲೆ ರುಬ್ಬಿ, ಬೇಳೆ ಬೇಯಲು ಇಟ್ಟು, ಒಲೆಯ ಬಲಗಡೆ ಕೈ ಚಾಚಿದೆ. ಅಲ್ಲಿ ಉಪ್ಪು ಇರಬೇಕು. ಮದುವೆಯಾಗಿ ಬಂದ ಮೇಲೆ ಎಷ್ಟು ಮನೆ ಬದಲಾಯಿಸಿದರೂ ನನ್ನ ಉಪ್ಪು ಒಲೆಯ ಬಲಗಡೆಯೇ. ಕೈಗೆ ಒಂದು ಜಾಡಿ ಸಿಕ್ಕಿತು. ಒಳಗೆ ಬೆಳ್ಳಗೆ ನುಣ್ಣಗೆ ಪುಡಿ. ಇವರು ಕಲ್ಲುಪ್ಪು ಬಿಟ್ಟು ಪುಡಿಯುಪ್ಪಿಗೆ ಬಂದಿದ್ದಾರೆ ಅಂತ ಗೊಣಗಿಕೊಂಡು, ಕೈ ಅಳತೆಯಲ್ಲಿ ಹಾಕಿದೆ. ಸಾರು ನೊರೆನೊರೆಯಾಗಿ ಮೇಲೆ ಬಂತು. ಹೊಸ ಬೇಳೆ, ಸೊಗಡು ಜಾಸ್ತಿ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಸೌಟು ಹಾಕಿ ತಿರುವಿದರೆ ಒಂದು ಬೇಳೆಯೂ ಸಿಗಲಿಲ್ಲ. ಒಳ್ಳೇ ಗಂಜಿಯ ಹಾಗೆ ಇತ್ತು. ರುಚಿ ನೋಡಬೇಕಿತ್ತು. ಆದರೆ ಅಡುಗೆ ಮಾಡುವಾಗ ರುಚಿ ನೋಡಿ ನನಗೆ ಅಭ್ಯಾಸವಿಲ್ಲ. ಅದು ಕೈ ಕೂರದವರ ಕೆಲಸ ಅಂತ ನಮ್ಮವ್ವ ಹೇಳಿದ್ದಳು.

ಬೀಗರು ಬಂದು ಕೈಕಾಲು ತೊಳೆದ ಮೇಲೆ ಎಲ್ಲರನ್ನೂ ಊಟಕ್ಕೆ ಕೂರಿಸಿದೆ. ನಯನ ಹಿಟ್ಟು ಬಡಿಸಿದಳು, ಸಾರು ನಾನೇ ಬಡಿಸಿದೆ. ಮಲ್ಲಿಗಮ್ಮನವರು ಒಂದು ತುತ್ತು ಮುರಿದು, ಅದ್ದಿ, ನುಂಗಿದರು. ಹಿಟ್ಟನ್ನು ಅಗಿಯುವುದಿಲ್ಲ, ಆದ್ದರಿಂದ ಸಾರು ನಾಲಿಗೆಗೆ ತಿಳಿಯುವಷ್ಟರಲ್ಲಿ ತುತ್ತು ಕೆಳಗೆ ಹೋಗಿರುತ್ತದೆ. ಮುಖದ ಮೇಲೆ ಏನೋ ಒಂದು ನಿಧಾನವಾಗಿ ಹತ್ತಿ ಇಳಿಯಿತು. ಬೀಗರು ನೀರಿನ ಲೋಟ ಎತ್ತಿದರು. ಗಗನ ತುತ್ತನ್ನು ತಟ್ಟೆಯಲ್ಲೇ ಸುತ್ತು ಹಾಕಿಸುತ್ತಿದ್ದಳು.

"ಬ್ಯಾಳೆ ಚೆನ್ನಾಗಿ ಬೆಂದದೆ," ಅಂದರು ಮಲ್ಲಿಗಮ್ಮ, ಬಹಳ ಯೋಚನೆ ಮಾಡಿ.

ಆಗ ನಾನು ಬೆರಳಿಗೆ ಸ್ವಲ್ಪ ಹಚ್ಚಿ ನಾಲಿಗೆಗೆ ಇಟ್ಟೆ. ಬಟ್ಟೆ ಒಗೆದ ನೀರಿಗೆ ಮಸಾಲೆ ಹಾಕಿದ ಹಾಗಿತ್ತು. ಆ ಜಾಡಿಯಲ್ಲಿದ್ದದ್ದು ಅಡುಗೆ ಸೋಡಾ. ಉಪ್ಪಿಗಿಂತ ರುಚಿಯಿಲ್ಲ ಅಂತಾರೆ, ಅಂದು ನನ್ನ ಸಾರಿನಲ್ಲಿ ಉಪ್ಪೂ ಇರಲಿಲ್ಲ, ರುಚಿಯೂ ಇರಲಿಲ್ಲ. ನನ್ನ ಬೇಳೆ ಬೇಯಿಸಿಕೊಳ್ಳಲು ಹೋಗಿ, ಅದು ಅಗತ್ಯಕ್ಕಿಂತ ಹೆಚ್ಚು ಬೆಂದಿತ್ತು. ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ಬೀಗಿತಿಯ ಮುಂದೆ, ಅದೂ ಮಲ್ಲಿಗಮ್ಮನ ಮುಂದೆ.

ಇವರು ಒಂದು ತುತ್ತು ಉಂಡು, ನನ್ನ ಮುಖ ನೋಡಿದರು. ಆಮೇಲೆ ಬೀಗರ ಕಡೆ ತಿರುಗಿದರು.

"ತಪ್ಪು ನಂದೇ ಕಣ್ರಪ್ಪ. ಸಾರು ನಾನು ಮಾಡಿದ್ದು. ಸೋಡಾಕೂ ಉಪ್ಪಿಗೂ ಯತ್ವಾಸ ಆಗದೆ. ಯಶೋದಾ, ಬಾ ಇಲ್ಲಿ."

ನಾನು ಅವರ ಹಿಂದೆಯೇ ಒಳಗೆ ಹೋದೆ. ಎರಡು ಒಲೆಯ ಮೇಲೂ ಬದನೆಕಾಯಿ ಇಟ್ಟು ಸುಟ್ಟರು. ಅದೇ ಉರಿಗೆ ಟೊಮೆಟೊ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಸಿಪ್ಪೆ ತೆಗೆದು, ಏನೇನೋ ಪುಡಿ ಉದುರಿಸಿ, ಹುಣಸೆಹಣ್ಣು ಹಿಂಡಿ, ಕೈಯಲ್ಲೇ ಕಿವುಚಿದರು. ನಾನು ಸುಟ್ಟ ಬದನೆಕಾಯಿ ಗೊಜ್ಜು ಮಾಡಿದವಳೇ, ಆದರೆ ಇದು ನನಗೆ ಗೊತ್ತಿದ್ದ ದಾರಿಯಲ್ಲಿ ಹೋಗಲಿಲ್ಲ. ನೋಡಿಕೊಳ್ಳೋಣ ಅಂದರೆ ಕಣ್ಣಲ್ಲಿ ನೀರು ತುಂಬಿತ್ತು. ಹೊಗೆ ಕಾರಣ. ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಹೋಗು, ಬಡಿಸು ಅಂದರು.

ಬಡಿಸಿದೆ. ಮಲ್ಲಿಗಮ್ಮನವರು ಒಂದು ತುತ್ತು ಉಂಡರು. ಎರಡನೇ ತುತ್ತು ದೊಡ್ಡದಾಯಿತು. ಮೂರನೆಯದಕ್ಕೆ ಬಟ್ಟಲನ್ನೇ ಹತ್ತಿರ ಎಳೆದುಕೊಂಡರು. ಇನ್ನೊಂದು ಹಿಟ್ಟು ಹಾಕಿಸಿಕೊಂಡು, ಬೆರಳು ನೆಕ್ಕಿ, ಆಮೇಲೆ ತೀರ್ಪು ಕೊಟ್ಟರು.

"ನೋಡಿ ಬೀಗ್ರೆ, ಬೇಜಾರ್ ಮಾಡ್ಕಬೇಡಿ. ಗಂಡಸ್ರು ಎಷ್ಟೇ ಮಾಡಿದ್ರೂ ಆ ಸಾರಿನ ಅಣೆಬರ ಅಷ್ಟೇಯ. ಈ ಗೊಜ್ಜು ನೋಡಿ, ಇದು ಎಂಗಸಿನ ಕೈ. ಯಶೋದಮ್ಮಾರ ಕೈ ಅಂತ ಬಾಯಿಗಿಟ್ಟ ತಕ್ಸಣ ಗೊತ್ತಾಯ್ತು ನಂಗೆ."

ನಯನ ತಲೆ ತಗ್ಗಿಸಿ ತಟ್ಟೆಯಲ್ಲಿ ಇಲ್ಲದ ಕಲ್ಲನ್ನು ಹುಡುಕತೊಡಗಿದಳು. ಸಂತೋಷ್ ಅಂಗಡಿಯಿಂದ ಫೋನು ಬಂದವನ ಹಾಗೆ ಎದ್ದು ಹೋದ. ಗಗನ ಸತ್ಯ ಹೇಳಲು ಬಾಯಿ ತೆರೆದಳು. ಇವರು ಅದರೊಳಗೆ ಒಂದು ತುತ್ತು ಇಟ್ಟರು. ನಾನು ಹೌದು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ. ಮಲ್ಲಿಗಮ್ಮನವರಿಗೆ ಇನ್ನೊಂದು ಚಮಚ ಬಡಿಸಿದೆ, ಅಷ್ಟೆ.

ಅದೇ ತಪ್ಪಾಯಿತು. ಎರಡು ದಿನ ಇದ್ದು ಹೊರಡುವಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಿರಿಮಗಳು ರಂಜಿತ ಬಸುರಿ, ಬಾಯಿ ಕೆಟ್ಟು ಏನೂ ಸೇರುತ್ತಿಲ್ಲ, ಸಂಕ್ರಾಂತಿ ಕಳೆದ ಭಾನುವಾರ ಸೀಮಂತ. ನೀವು ಬಂದು ನಿಮ್ಮ ಕೈಯಾರೆ ಈ ಗೊಜ್ಜು ಮಾಡಬೇಕು, ಅದೊಂದನ್ನು ಉಂಡಾಳು, ಬಸುರಿಯ ಆಸೆ, ಇಲ್ಲ ಅನ್ನಬಾರದು. ಬೇರೆ ಅಡುಗೆಯೆಲ್ಲ ಭಟ್ಟರದ್ದು, ಗೊಜ್ಜು ಮಾತ್ರ ನಿಮ್ಮದು; ಬರುವವರಿಗೆಲ್ಲ ಆಗಲೇ ಫೋನಿನಲ್ಲಿ ಹೇಳಿಯೂ ಆಗಿದೆ. ಇಷ್ಟು ಹೇಳಿ ಮಳವಳ್ಳಿ ಬಸ್ಸು ಹತ್ತಿದರು.

ಬಸ್ಸು ಹೋದ ಮೇಲೆ ಇವರನ್ನು ಕೇಳಿದೆ, ತಪ್ಪನ್ನು ಯಾಕೆ ತಲೆ ಮೇಲೆ ಹಾಕಿಕೊಂಡಿರಿ ಅಂತ. ಬೀಗರ ಮುಂದಲ್ವಾ ಅಂದರು. ರಸ್ತೆಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು ನಿಂತಿದ್ದವು, ಅವುಗಳ ಸಂದಿಯಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ನಡೆದೆವು. ತರಕಾರಿ ಅಂಗಡಿ ಬಂದಾಗ ಇವರು ನಿಂತು, ಒಂದು ಚೀಲ ಬದನೆಕಾಯಿ ಕೊಂಡರು. ಇಷ್ಟು ಯಾಕೆ ಅಂದೆ.

"ಕಲೀಬೇಕಲ್ಲ ನೀನು," ಅಂದರು.

ಮಾರನೇ ಬೆಳಿಗ್ಗೆಯಿಂದ ಪಾಠ. ಅವರು ಅಡುಗೆಮನೆಗೆ ಕುರ್ಚಿ ತರಿಸಿ ಹಾಕಿಕೊಂಡು ಕೂತರು, ನಾನು ಒಲೆಯ ಮುಂದೆ. ಕನ್ನಡಕ ಹಾಕಿಕೊಂಡೆ. ಮೊದಲನೇ ಬದನೆಕಾಯಿ ಒಂದು ಮಗ್ಗುಲು ಕರಿಕಲಾಯಿತು, ಒಂದು ಮಗ್ಗುಲು ಹಸಿ. ಉರಿಯನ್ನು ನೋಡಬೇಡ, ಕಾಯಿಯನ್ನು ನೋಡು ಅಂದರು. ಎರಡನೆಯದು ಒಡೆದು ಒಲೆಯ ಮೇಲೆ ಇಳಿಯಿತು. ಮೂರನೆಯದು ಗೊಜ್ಜಿನ ಹಾಗೆ ಕಾಣುವಷ್ಟಾಯಿತು. ಬಟ್ಟಲಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ನಿಂತೆ.

ಅವರು ಬೆರಳ ತುದಿಗೆ ಹಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ರುಚಿ ನೋಡಿದರು.

"ಪರವಾಗಿಲ್ಲ," ಅಂದು, ಚೀಲದಿಂದ ಇನ್ನೊಂದು ಬದನೆಕಾಯಿ ತೆಗೆದು ನನ್ನ ಕೈಗೆ ಕೊಟ್ಟರು.